ಇಂದಿನ ಧಮ್ಮ ಚಿಂತನೆ: ಎರಡು ತಕ್ಕಡಿ





ಮೊನ್ನೆ ಕುಬಿಹಾಳದ ನಮ್ಮ ಹೊಲದಲ್ಲಿ ಗೋವಿನಜೋಳದ ತೆನೆ ಮುರಿಸಿದೆವು. ಸಂಜೆ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಎಣಿಸಿ ಕೊಟ್ಟೆ. ಊರಿನ ರೂಢಿ ಅದು. ರಾತ್ರಿ ಶಾಲೆಯ ಪಾಠಕ್ಕಾಗಿ ಬಾಬಾಸಾಹೇಬರ ಜೀವನ ಓದಲು ಕುಳಿತಾಗ ಆ ರೂಢಿ ನನ್ನನ್ನು ಚುಚ್ಚಿತು.

1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ಬಾಬಾಸಾಹೇಬರು, 1915ರಲ್ಲಿ ಎಂ.ಎ. ಪದವಿಗೆ ಆರಿಸಿಕೊಂಡ ವಿಷಯ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸು. ಆಗ ಅವರಿಗೆ 24 ವರ್ಷ. ಇಂದು ನಾವು ಬಹುರಾಷ್ಟ್ರೀಯ ಕಂಪನಿ ಎನ್ನುವವುಗಳ ಮುತ್ತಜ್ಜ ಈ ಕಂಪನಿ.

ಅದರ ಬಳಿ ಎರಡು ತಕ್ಕಡಿಗಳಿದ್ದವು. ಅಫೀಮನ್ನು ಕಲ್ಕತ್ತೆಯಲ್ಲಿ ಹರಾಜು ಹಾಕಿ ಲಾಭ ಪಡೆಯುತ್ತಿತ್ತು. ಆದರೆ ಚೀನಾದಲ್ಲಿ ಅಫೀಮಿಗೆ ನಿಷೇಧವಿದ್ದುದರಿಂದ ತನ್ನ ಹಡಗಿನಲ್ಲಿ ಒಯ್ಯುತ್ತಿರಲಿಲ್ಲ. ಕದ್ದು ಸಾಗಿಸುವ ಕೆಲಸ ಖಾಸಗಿ ವ್ಯಾಪಾರಿಗಳದು. ಕೈಗೆ ಮಸಿ ಇಲ್ಲ, ಗಲ್ಲಾ ಮಾತ್ರ ಭರ್ತಿ. 1858ರಲ್ಲಿ ಕಂಪನಿಯ ಆಳ್ವಿಕೆ ಮುಗಿದರೂ ಅದರ ಷೇರುದಾರರಿಗೆ ವರ್ಷಕ್ಕೆ ಶೇ. 10.5ರ ಲಾಭಾಂಶ 1874ರವರೆಗೆ ಭಾರತದ ಬೊಕ್ಕಸದಿಂದಲೇ ಹೋಯಿತು. ಕಂಪನಿಯ ಸಾಲವೂ ಇಲ್ಲಿನ ರೈತರು, ಕೂಲಿಕಾರರ ತಲೆಗೇ ಬಂತು. ಈ ಅನ್ಯಾಯವನ್ನು ಬಾಬಾಸಾಹೇಬರು ಲೆಕ್ಕಪತ್ರದ ಆಧಾರದಿಂದಲೇ ತೋರಿಸಿದರು.

ಪರದೇಶದವರ ತಪ್ಪು ತೋರಿಸಿ ಅವರು ಸುಮ್ಮನಾಗಲಿಲ್ಲ. ಮುಂಬೈ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುವ ನೇಯ್ಗೆ ವಿಭಾಗಕ್ಕೆ ನಮ್ಮ ಜನರಿಗೆ ಪ್ರವೇಶವಿರಲಿಲ್ಲ. ಎಳೆಯನ್ನು ಬಾಯಿಗೆ ತಾಗಿಸಿ ಜೋಡಿಸಬೇಕು, ಎಂಜಲಾಗುತ್ತದೆ ಎಂಬ ನೆಪ. ತಡೆದವರಲ್ಲಿ ಜೊತೆಯ ಕಾರ್ಮಿಕರೂ ಇದ್ದರು. 1928ರ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಕಾರ್ಮಿಕ ಮುಖಂಡರ ಮುಂದೆಯೇ ಈ ಪ್ರಶ್ನೆ ಇಟ್ಟರು. ಮಾಲೀಕನಿಂದ ನ್ಯಾಯ ಕೇಳುವವನು ಪಕ್ಕದವನಿಗೂ ನ್ಯಾಯ ಕೊಡಬೇಕಲ್ಲವೇ?

1942ರಿಂದ 1946ರವರೆಗೆ ಅವರು ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. 1946ರ ತಿದ್ದುಪಡಿಯಿಂದ ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಸಂವಿಧಾನದ 39ನೇ ವಿಧಿಯಲ್ಲಿ ಗಂಡು ಹೆಣ್ಣಿಗೆ ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ವ ಸೇರಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬುದ್ಧರಿಗೆ ಶರಣಾದರು.

ಆ ಬುದ್ಧರು ಶ್ರಾವಸ್ತಿಯ ವ್ಯಾಪಾರಿ ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದ್ದರು: ಸಂಪತ್ತು ಇರುವ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ತಪ್ಪಿಲ್ಲದೆ ಬದುಕುವ ಸುಖ. ಮೊದಲ ಮೂರೂ ಕೊನೆಯದರ ಹದಿನಾರನೇ ಒಂದು ಪಾಲಿಗೂ ಸಮವಲ್ಲ. ಕಂಪನಿಗೆ ಮೊದಲೆರಡು ಸಾಕಾಗಿದ್ದವು. ಮೊನ್ನೆ ಸಂಜೆ ನನಗೂ ಅಷ್ಟೇ ಸಾಕಾಗಿತ್ತು.

ನಿನ್ನೆ ಉಳಿದ ಹಣ ಒಯ್ದು ಕೊಟ್ಟುಬಂದೆ. ಲೆಕ್ಕ ತಪ್ಪಿತ್ತೇನು ಎಂದು ಒಬ್ಬ ಅಕ್ಕ ಕೇಳಿದರು. ಹೌದು ಅಕ್ಕ, ಬಹಳ ವರ್ಷದಿಂದ ತಪ್ಪಿತ್ತು ಎಂದೆ. ಕೂಲಿ ಏರಿಸಿಬಿಟ್ಟೆ ಎಂದು ಬಾಜೂ ಹೊಲದವರು ಸಿಟ್ಟಾಗಿದ್ದಾರೆ. ಆದರೂ ರಾತ್ರಿ ಒಳ್ಳೆಯ ನಿದ್ದೆ ಬಂತು.

ಇಂದು ನಮ್ಮ ನಮ್ಮ ಮನೆಯ ಎರಡನೇ ತಕ್ಕಡಿ ಎಲ್ಲಿದೆ ಎಂದು ಹುಡುಕೋಣ.

ಭವತು ಸಬ್ಬ ಮಂಗಲಂ. 🙏