ಗೋಮಾಳಕ್ಕಾಗಿ ಕೋರ್ಟಿಗೆ ಹೋದ ಕಾರಂತಜ್ಜ

ಡಾ. ಶಿವರಾಮ ಕಾರಂತರು 1902ನೇ ಇಸವಿ ಅಕ್ಟೋಬರ್ 10ರಂದು ಉಡುಪಿ ಹತ್ತಿರದ ಕೋಟದಲ್ಲಿ ಹುಟ್ಟಿದರು. ಗಾಂಧೀಜಿಯವರ ಅಸಹಕಾರ ಚಳುವಳಿಗಾಗಿ ಕಾಲೇಜು ಬಿಟ್ಟರು. ಪುತ್ತೂರಿನಲ್ಲಿ ಬಾಲವನ ಕಟ್ಟಿದರು. ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂತು. ಇದೆಲ್ಲ ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ದನಕುರಿ ಮೇಯುವ ಜಾಗ ಉಳಿಸಲು ಅವರು ಸುಪ್ರೀಂ ಕೋರ್ಟಿಗೆ ಹೋಗಿದ್ದು ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನೇ ನಾನು ಬರೀತೀನಿ.

1984ರಲ್ಲಿ ಕರ್ನಾಟಕ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿದವು. ನೀಲಗಿರಿ ಬೆಳೆಯಲು ಅದಕ್ಕೆ ಸುಮಾರು 75 ಸಾವಿರ ಎಕರೆ ಸರ್ಕಾರಿ ಜಮೀನು ಕೊಡುವುದೆಂದು ತೀರ್ಮಾನವಾಯಿತು. ಅದು ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳ ಜಮೀನು. ಆಗ ನಮ್ಮ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು. ದಾವಣಗೆರೆಗೆ ಸೇರಿದ್ದು 1997ರಲ್ಲಿ.

ನಾನೂ ಭಾನುವಾರ ಕುರಿ ಹೊಡ್ಕಂಡು ಹೋಗ್ತೀನಿ. ನೀಲಗಿರಿ ಸೊಪ್ಪನ್ನು ಕುರಿ ಮೂಸಿ ನೋಡಿ ಬಿಟ್ಟುಬಿಡ್ತವೆ. ಹೊಲ ಇಲ್ಲದೋರಿಗೆ ಹುಲ್ಲು, ಸೌದೆ ಎಲ್ಲಾ ಇಂಥ ಜಾಗದಿಂದಲೇ ಬರಬೇಕು. ಜಗಳೂರಿನ ಕಡೆ ನಮ್ಮ ಮಾವನ ಊರಲ್ಲೂ ಹಂಗೇ.

ಮೊದಲು ಅನ್ಯಾಯ ಆದವರೇ ಕೋರ್ಟಿಗೆ ಹೋಗಬೇಕಿತ್ತು. ಕುರಿ ಕಾಯೋರು ದೆಹಲಿಗೆ ಹೋಗಿ ವಕೀಲರನ್ನು ಇಡೋಕಾಗುತ್ತಾ? ಬಡವರ ಪರವಾಗಿ ಬೇರೆಯವರೂ ಅರ್ಜಿ ಹಾಕಬಹುದು ಎಂದು ಸುಪ್ರೀಂ ಕೋರ್ಟು 1981ರ ಒಂದು ತೀರ್ಪಿನಲ್ಲಿ ಹೇಳಿತು. ಇದಕ್ಕೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅಂತಾರೆ. 1986ರಲ್ಲಿ ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಜೊತೆ ಸೇರಿ ಕಾರಂತರು ಇಂಥದೇ ಅರ್ಜಿ ಹಾಕಿದರು. ಆಗ ಅವರಿಗೆ 84 ವರ್ಷ. ಆ ಜಮೀನು ಅವರದ್ದಲ್ಲ, ಆ ಊರುಗಳೂ ಅವರದ್ದಲ್ಲ. ಆದರೂ ಹೋದರು. ನನಗೆ ಬಹಳ ಇಷ್ಟವಾದದ್ದು ಇದೇ.

1987ರಲ್ಲಿ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಇನ್ನಷ್ಟು ಜಮೀನು ಕಂಪನಿಗೆ ಹೋಗುವುದು ನಿಂತಿತು. ಆದರೆ ಜನ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ನೆಟ್ಟರು. ಅದರ ಹೆಸರು ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ. ಕೊನೆಗೆ 1991ರಲ್ಲಿ ಆ ಕಂಪನಿಯನ್ನೇ ಮುಚ್ಚಿದರು. ಕೋರ್ಟೂ ಬೇಕು, ಜನರೂ ಬೇಕು ಅಂತ ಇದರಿಂದ ನನಗೆ ತಿಳೀತು.

ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು.

ಗೆಳೆಯರೇ, ನಮ್ಮೂರಿನ ಗೋಮಾಳ ಎಷ್ಟು ಎಕರೆ, ಈಗ ಎಷ್ಟು ಉಳಿದಿದೆ? ನಿಮ್ಮ ತಾತಂದಿರನ್ನು ಕೇಳಿ ಬರ್ಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.