ಬಾಹಿಯಾದ ಕಾಡಿನಲ್ಲಿ ಡಾರ್ವಿನ್

1832ನೆಯ ಇಸವಿ ಫೆಬ್ರವರಿ 28ರಂದು 'ಬೀಗಲ್' ಎಂಬ ಇಂಗ್ಲಿಷ್ ಹಡಗು ಬ್ರೆಜಿಲ್ ದೇಶದ ಬಾಹಿಯಾ ರೇವಿನಲ್ಲಿ ಲಂಗರು ಹಾಕಿತು. ಅದರಲ್ಲಿದ್ದ ಚಾರ್ಲ್ಸ್ ಡಾರ್ವಿನ್ನನಿಗೆ ಆಗ 23 ವರ್ಷ. ವೈದ್ಯಶಿಕ್ಷಣವನ್ನು ಅರ್ಧಕ್ಕೆ ಬಿಟ್ಟು, ಪಾದ್ರಿಯಾಗಲೆಂದು ಕೇಂಬ್ರಿಜ್ ಸೇರಿ, ಅಲ್ಲಿಯೂ ಜೀರುಂಡೆ ಹಿಡಿಯುವುದರಲ್ಲಿಯೇ ಮಗ್ನನಾಗಿದ್ದ ಮಗನ ಬಗೆಗೆ ತಂದೆಗೆ ಚಿಂತೆಯಿತ್ತು. ಈ ಯಾತ್ರೆಗೂ ಆತ ಮೊದಲು ಒಪ್ಪಿರಲಿಲ್ಲ. ಸೋದರಮಾವನ ಮಾತಿನಿಂದ ಅನುಮತಿ ದೊರೆಯಿತು. ಡಿಸೆಂಬರ್ 27ರಂದು ಹೊರಟ ಹಡಗಿನಲ್ಲಿ ಕಡಲಬೇನೆಯು ತರುಣನನ್ನು ಹಣ್ಣು ಮಾಡಿತ್ತು.

ಮರುದಿನ ಫೆಬ್ರವರಿ 29. ಡಾರ್ವಿನ್ನನು ಒಬ್ಬನೇ ಕಾಡನ್ನು ಹೊಕ್ಕನು. ದಕ್ಷಿಣ ಅಮೆರಿಕದ ಅರಣ್ಯಗಳನ್ನು ಆತ ಅದುವರೆಗೆ ಹಂಬೋಲ್ಟನ ಪ್ರವಾಸಗ್ರಂಥದಲ್ಲಿ ಮಾತ್ರ ಕಂಡಿದ್ದನು. ಇಲ್ಲಿ ಮರದ ಕೊಂಬೆಗಳ ಮೇಲೆಯೇ ಬೇರೂರಿ ಹೂಬಿಟ್ಟ ಗಿಡಗಳು, ಎತ್ತ ನೋಡಿದರೂ ಮಿರುಗುವ ಹಸುರು. ಚಿಟ್ಟೆಯೊಂದನ್ನು ಹಿಂಬಾಲಿಸಿದ ಕಣ್ಣು ಅದು ಕುಳಿತ ಹೂವನ್ನು ಕಂಡು ಚಿಟ್ಟೆಯನ್ನೇ ಮರೆಯುತ್ತಿತ್ತು. ಮತ್ತೊಂದು ವಿಚಿತ್ರವನ್ನೂ ಆತ ಗಮನಿಸಿದನು. ಕೀಟಗಳ ಮೊರೆತ ದಡದಿಂದ ದೂರ ನಿಂತ ಹಡಗಿಗೂ ಕೇಳುವಷ್ಟು ಜೋರಾಗಿತ್ತು. ಆದರೆ ಕಾಡಿನ ಒಳಗೆ ಗಾಢ ಮೌನವೇ ಆವರಿಸಿದಂತಿತ್ತು. ಹಿಂದಿರುಗುವಾಗ ಮಳೆ ಹಿಡಿಯಿತು. ದಟ್ಟವಾದ ಮರವೊಂದರ ಕೆಳಗೆ ಆಶ್ರಯ ಪಡೆದನು. ಇಂಗ್ಲೆಂಡಿನ ಮಳೆಯಾಗಿದ್ದರೆ ಅಲ್ಲಿ ಒಂದು ಹನಿಯೂ ಬೀಳುತ್ತಿರಲಿಲ್ಲ. ಇಲ್ಲಿ ಎರಡೇ ನಿಮಿಷಗಳಲ್ಲಿ ಕಾಂಡದ ಮೇಲೆ ನೀರು ಸಣ್ಣ ಹೊಳೆಯಾಗಿ ಹರಿಯಿತು. ನೆನೆದುದಕ್ಕೆ ಆತ ಬೇಸರಪಡಲಿಲ್ಲ. ಅಂಥ ಆನಂದವನ್ನು ಮತ್ತೆ ಪಡೆಯುವುದು ದುರ್ಲಭವೆಂದೇ ಭಾವಿಸಿದನು.

ಆದರೆ ಕಾಡಿಗೆ ಹೋಗುವ ದಾರಿ ಊರಿನ ಮೂಲಕ ಹಾಯುತ್ತಿತ್ತು. ಊರಿನಲ್ಲಿ ದುಡಿಮೆಯೆಲ್ಲ ಆಫ್ರಿಕಾ ಮೂಲದ ಜನರದು. ಅವರಲ್ಲಿ ಬಹುಮಂದಿ ಗುಲಾಮರು. ಡಾರ್ವಿನ್ನನಿಗೆ ಅವರು ಕೇವಲ ಅಪರಿಚಿತರಾಗಿ ತೋರಲಿಲ್ಲ. ಎಡಿನ್‌ಬರೋದಲ್ಲಿ ಓದುತ್ತಿದ್ದಾಗ, ಸತ್ತ ಹಕ್ಕಿಯ ಚರ್ಮ ಬಿಡಿಸಿ ಕೆಡದಂತೆ ಕಾಪಾಡುವ ವಿದ್ಯೆಯನ್ನು ಆತನಿಗೆ ಕಲಿಸಿದವನು ದಾಸ್ಯದಿಂದ ಬಿಡುಗಡೆ ಹೊಂದಿದ್ದ ಜಾನ್ ಎಡ್ಮನ್‌ಸ್ಟನ್. ಆ ಗುರುವಿನ ಬಳಿ ಗಂಟೆಗಟ್ಟಲೆ ಕುಳಿತು ಮಾತನಾಡಿದ್ದ ಶಿಷ್ಯನು ಗುಲಾಮಗಿರಿಯನ್ನು ಸಹಜವೆಂದು ಒಪ್ಪುವುದು ಹೇಗೆ?

ಹಡಗಿನ ನಾಯಕ ಫಿಟ್ಜ್‌ರಾಯ್ ಒಪ್ಪಿದ್ದನು. ಒಬ್ಬ ಒಡೆಯನು ತನ್ನ ಗುಲಾಮರನ್ನು ಕರೆದು ಬಿಡುಗಡೆ ಬೇಕೇ ಎಂದು ಕೇಳಿದಾಗ ಎಲ್ಲರೂ ಬೇಡವೆಂದರೆಂದು ಆತ ಮೆಚ್ಚುಗೆಯಿಂದ ಹೇಳಿದನು. ಒಡೆಯನ ಎದುರಿನಲ್ಲಿ ನುಡಿದ ಉತ್ತರಕ್ಕೆ ಬೆಲೆಯಿದೆಯೇ ಎಂದು ಡಾರ್ವಿನ್ನನು ಕೇಳಿಬಿಟ್ಟನು. ನಾಯಕನು ಕೆರಳಿ, ಇನ್ನು ತಾವಿಬ್ಬರೂ ಒಟ್ಟಿಗೆ ಇರುವುದು ಸಾಧ್ಯವಿಲ್ಲವೆಂದನು. ಡಾರ್ವಿನ್ನನು ಊಟಮಾಡುತ್ತಿದ್ದುದು ನಾಯಕನ ಮೇಜಿನಲ್ಲಿಯೇ. ಹಡಗಿನಲ್ಲಿ ಆತನ ಸ್ಥಾನವೂ ನಾಯಕನ ವಿಶ್ವಾಸವನ್ನೇ ಅವಲಂಬಿಸಿತ್ತು. ಯಾತ್ರೆ ಅಲ್ಲಿಗೇ ಮುಗಿಯಿತೆಂದು ಆತ ಎಣಿಸಿದನು. ಉಳಿದ ಅಧಿಕಾರಿಗಳು ತಮ್ಮೊಡನೆ ಊಟಕ್ಕೆ ಬರುವಂತೆ ಕರೆದರು. ಕೆಲವು ಗಂಟೆಗಳಲ್ಲಿ ಫಿಟ್ಜ್‌ರಾಯ್ ಕ್ಷಮೆ ಕೋರಿದನು. ಆಡಿದ ಮಾತನ್ನು ಡಾರ್ವಿನ್ನನು ಹಿಂತೆಗೆದುಕೊಳ್ಳಲಿಲ್ಲ.

ಯಾತ್ರೆ 5 ವರ್ಷ ನಡೆಯಿತು. 1836ರ ಆಗಸ್ಟಿನಲ್ಲಿ ಹಡಗು ಮತ್ತೆ ಬಾಹಿಯಾಕ್ಕೆ ಬಂದಾಗ ಡಾರ್ವಿನ್ನನು ಆ ಹಸುರನ್ನು ಮನದಲ್ಲಿ ಅಚ್ಚೊತ್ತಿಕೊಳ್ಳಲು ಪುನಃ ಪುನಃ ನಿಂತು ನೋಡಿದನು. ಅದೇ ತಿಂಗಳು ಬ್ರೆಜಿಲಿನ ತೀರವನ್ನು ಬಿಡುವಾಗ, ಗುಲಾಮರಿರುವ ನಾಡಿಗೆ ಇನ್ನೆಂದೂ ಬರಬೇಕಾಗದೆಂದು ದೇವರಿಗೆ ವಂದಿಸಿದನು. ಜೀವಿಗಳ ವಿಕಾಸವನ್ನು ವಿವರಿಸುವ ಆತನ ಮಹಾಗ್ರಂಥ 1859ರಲ್ಲಿ ಹೊರಬಂದಿತು. ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾದುದು 1888ರಲ್ಲಿ. ಅದಕ್ಕೆ 6 ವರ್ಷ ಮೊದಲೇ ಡಾರ್ವಿನ್ನನು ತೀರಿಕೊಂಡಿದ್ದನು.