ವಿಮಾನ ಹತ್ತದೆ ಆಕಾಶ ಬರೆದ ಪಾಲ್ ನ್ಯಾಶ್

ವಿಮಾನದ ಚಿತ್ರಗಳನ್ನು ಕೂಡಿಡುವವರು ನಮ್ಮ ಕಾಲೇಜಿನಲ್ಲಿ ಕಡಿಮೆಯೇನಿಲ್ಲ. ಕೆಲವರ ಮೊಬೈಲಿನ ತುಂಬ ತೇಜಸ್, ರಫೇಲ್. ಇನ್ನು ಕೆಲವರು ಪತ್ರಿಕೆಯಿಂದ ಕತ್ತರಿಸಿ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿಕೊಂಡಿದ್ದಾರೆ. ನಾನೂ ಅದೇ ಜಾತಿಯವನು. ಆದರೆ ಒಂದು ವಿಷಯ ಗಮನಿಸಿದ್ದೇನೆ. ಚಿತ್ರ ಕೈಗೆ ಬಂದ ಕೂಡಲೇ ನಾವು ಕೇಳುವುದು ಇದು ಯಾವ ವಿಮಾನ, ಎಷ್ಟು ವೇಗ, ಎಷ್ಟು ಎಂಜಿನ್ ಎಂದು. ಫೋಟೋ ಅಲ್ಲ, ಕುಂಚದಿಂದ ಬರೆದ ಚಿತ್ರ ಎಂದು ಗೊತ್ತಾದ ಮೇಲೂ ಬರೆದವರು ಯಾರು ಎಂದು ಯಾರೂ ಕೇಳುವುದಿಲ್ಲ.

ಬರೆದವರನ್ನು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ ಹೆಸರು ಪಾಲ್ ನ್ಯಾಶ್. ಇಂಗ್ಲೆಂಡಿನ ಈ ಕಲಾವಿದರು ಎರಡನೇ ಮಹಾಯುದ್ಧದ ಆಕಾಶವನ್ನು ಚಿತ್ರಿಸಿದವರಲ್ಲಿ ತುಂಬ ದೊಡ್ಡ ಹೆಸರು. ಆದರೆ ಅವರು ಒಮ್ಮೆಯೂ ವಿಮಾನದಲ್ಲಿ ಹಾರಲಿಲ್ಲ. ಕಾರಣ ಅಸ್ತಮಾ. ಇದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನಗೂ ಚಿಕ್ಕಂದಿನಿಂದ ಉಬ್ಬಸ. ಬ್ಯಾಗಿನಲ್ಲಿ ಟಿಫಿನ್ ಡಬ್ಬಿ ಮರೆತರೂ ಇನ್‌ಹೇಲರ್ ಮರೆಯುವಂತಿಲ್ಲ. ವಾಯುಪಡೆಯ ವೈದ್ಯಕೀಯ ನಿಯಮಗಳನ್ನು ಓದಿದ ದಿನವೇ ಪೈಲಟ್ ಆಗುವ ಆಸೆಯನ್ನು ಮಡಚಿ ಇಟ್ಟಿದ್ದೆ. ಹಾಗಾಗಿ ಈ ಮನುಷ್ಯನ ಕತೆ ನನಗೆ ಬೇರೆಯೇ ರೀತಿ ತಟ್ಟಿತು. ನಿಮ್ಮೊಂದಿಗೂ ಹಂಚಿಕೊಳ್ಳಬೇಕೆನಿಸಿತು.

ಪಾಲ್ ನ್ಯಾಶ್ ಹುಟ್ಟಿದ್ದು 1889ರ ಮೇ 11ರಂದು, ಲಂಡನ್ನಿನಲ್ಲಿ. ತಂದೆ ವಕೀಲರು. ತಾಯಿಗೆ ಮಾನಸಿಕ ಕಾಯಿಲೆ. ಅವರ ಆರೋಗ್ಯಕ್ಕೆಂದು ಕುಟುಂಬ ಲಂಡನ್ ಬಿಟ್ಟು ಬಕಿಂಗ್‌ಹ್ಯಾಮ್‌ಶೈರ್‌ನ ಹಳ್ಳಿಗೆ ಹೋಯಿತು. ತಾಯಿ ಗುಣವಾಗಲಿಲ್ಲ, 1910ರಲ್ಲಿ ತೀರಿಕೊಂಡರು. ಮಗನನ್ನು ನೌಕಾಪಡೆಗೆ ಸೇರಿಸಬೇಕೆಂದು ಮನೆಯವರ ಆಸೆಯಾಗಿತ್ತು. ಪ್ರವೇಶ ಪರೀಕ್ಷೆಯಲ್ಲಿ ಅವರು ಫೇಲಾದರು, ಗಣಿತ ಅವರಿಗೆ ಹತ್ತುತ್ತಿರಲಿಲ್ಲ. ಕೊನೆಗೆ ಚಿತ್ರಕಲೆ ಹಿಡಿದು ಲಂಡನ್ನಿನ ಪ್ರಸಿದ್ಧ ಸ್ಲೇಡ್ ಕಲಾಶಾಲೆ ಸೇರಿದರು. ಅಲ್ಲಿಯೂ ಮನುಷ್ಯರ ಆಕೃತಿ ಬರೆಯುವುದರಲ್ಲಿ ಹಿಂದೆಯೇ. ಅವರ ಕೈಗೆ ಒಲಿದಿದ್ದು ಮರ, ಗುಡ್ಡ, ಹೊಲ, ಚಂದ್ರ. ಒಂದು ಜಾಗವನ್ನು ನೋಡಿದರೆ ಅದಕ್ಕೂ ಒಂದು ಜೀವವಿದೆ ಎಂಬಂತೆ ಅವರು ಬರೆಯುತ್ತಿದ್ದರು. ಮುಂದೆ ಅವರು ವಿಮಾನಗಳನ್ನು ನೋಡಿದ್ದೂ ಇದೇ ಕಣ್ಣಿನಿಂದ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ನ್ಯಾಶ್ ಸೈನ್ಯ ಸೇರಿದರು. ಅದೇ ವರ್ಷ ಡಿಸೆಂಬರಿನಲ್ಲಿ ಮಾರ್ಗರೆಟ್ ಓಡೆ ಅವರೊಂದಿಗೆ ಮದುವೆಯಾಯಿತು. ಮಾರ್ಗರೆಟ್ ಅರಬ್ ಮೂಲದ ತಂದೆಯ ಮಗಳು, ಆಕ್ಸ್‌ಫರ್ಡ್‌ನಲ್ಲಿ ಓದಿದವರು, ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದವರು. 1917ರ ಆರಂಭದಲ್ಲಿ ನ್ಯಾಶ್ ಅವರನ್ನು ಬೆಲ್ಜಿಯಮ್ಮಿನ ಈಪ್ರ್ ಯುದ್ಧಭೂಮಿಗೆ ಕಳಿಸಲಾಯಿತು. ಮೇ ತಿಂಗಳ ಒಂದು ರಾತ್ರಿ ಕತ್ತಲಲ್ಲಿ ಕಾಲು ಜಾರಿ ಕಂದಕಕ್ಕೆ ಬಿದ್ದು ಪಕ್ಕೆಲುಬು ಮುರಿದುಕೊಂಡರು. ಚಿಕಿತ್ಸೆಗೆ ಲಂಡನ್ನಿಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಅವರ ತುಕಡಿ ದಾಳಿಗೆ ಹೋಗಿ, ಜೊತೆಗಿದ್ದವರಲ್ಲಿ ಅನೇಕರು ಸತ್ತರು. ಆ ಬೀಳುವಿಕೆಯೇ ಅವರನ್ನು ಉಳಿಸಿತ್ತು.

ಗುಣವಾದ ಮೇಲೆ ಸರಕಾರದ ಅಧಿಕೃತ ಯುದ್ಧ ಕಲಾವಿದರಾಗಿ ಅದೇ ಕೆಸರಿಗೆ ಹಿಂದಿರುಗಿದರು. ಈ ಸಲ ಕೈಯಲ್ಲಿದ್ದುದು ಪೆನ್ಸಿಲ್ಲು, ಕಾಗದ. ಅಲ್ಲಿಂದ ತಂದ ರೇಖಾಚಿತ್ರಗಳಿಂದ 1918ರಲ್ಲಿ ಹುಟ್ಟಿದ್ದು ನಾವು ಹೊಸ ಜಗತ್ತು ಕಟ್ಟುತ್ತಿದ್ದೇವೆ ಎಂಬ ಹೆಸರಿನ ಚಿತ್ರ. ಹೆಸರು ಕೇಳಿದರೆ ಹಬ್ಬದ ಚಿತ್ರ ಅನಿಸುತ್ತದೆ. ನೋಡಿದರೆ ಬುಡಸಹಿತ ಸುಟ್ಟು ನಿಂತ ಮರಗಳು, ಶೆಲ್ ಬಿದ್ದು ಗುಂಡಿಯಾದ ನೆಲ, ಅದರ ಮೇಲೆ ಎದ್ದು ಬರುವ ಬಿಳಿ ಸೂರ್ಯ. ಒಬ್ಬ ಮನುಷ್ಯನೂ ಇಲ್ಲ. ಸತ್ತವರನ್ನು ತೋರಿಸದೆಯೇ ಸಾವನ್ನು ತೋರಿಸುವುದು ಹೇಗೆ ಎಂದು ಅವರು ಕಲಿತಿದ್ದು ಅಲ್ಲಿ.

ಯುದ್ಧ ಮುಗಿದರೂ ಅದು ಅವರನ್ನು ಬಿಡಲಿಲ್ಲ. 1921ರಲ್ಲಿ ಆರೋಗ್ಯ ಕುಸಿಯಿತು. ಕೆಂಟ್ ಪ್ರಾಂತ್ಯದ ಡಿಮ್‌ಚರ್ಚ್ ಎಂಬ ಕಡಲೂರಿನಲ್ಲಿ ನಾಲ್ಕೈದು ವರ್ಷ ಕಳೆದರು. ತಡೆಗೋಡೆಗೆ ಬಂದು ಬಡಿಯುವ ಅಲೆಗಳನ್ನು ಮತ್ತೆ ಮತ್ತೆ ಬರೆದರು. ಈ ಅಲೆಗಳನ್ನು ನೆನಪಿಟ್ಟುಕೊಳ್ಳಿ, ಇಪ್ಪತ್ತು ವರ್ಷದ ನಂತರ ಇವು ಬೇರೆ ರೂಪದಲ್ಲಿ ಬರಲಿವೆ. 1930ರ ದಶಕದಲ್ಲಿ ಅಸ್ತಮಾ ಗಟ್ಟಿಯಾಗಿ ಹಿಡಿದುಕೊಂಡಿತು. ಓಡಾಟ ಕಷ್ಟವಾದಾಗ ಮಾರ್ಗರೆಟ್ ಕೊಟ್ಟ ಸಣ್ಣ ಕೊಡಾಕ್ ಕ್ಯಾಮೆರಾ ಅವರ ಸಂಗಾತಿಯಾಯಿತು. ಹೊರಗೆ ಕುಳಿತು ಬರೆಯಲಾಗದಿದ್ದರೆ ಫೋಟೋ ತೆಗೆದು, ಮನೆಯಲ್ಲಿ ಅದನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದರು.

1939ರಲ್ಲಿ ಎರಡನೇ ಮಹಾಯುದ್ಧ ಬಂತು. ಬ್ರಿಟನ್ನಿನ ನ್ಯಾಷನಲ್ ಗ್ಯಾಲರಿಯ ನಿರ್ದೇಶಕರಾಗಿದ್ದ ಕೆನೆತ್ ಕ್ಲಾರ್ಕ್ ಅವರ ಅಧ್ಯಕ್ಷತೆಯಲ್ಲಿ ಯುದ್ಧ ಕಲಾವಿದರ ಸಲಹಾ ಸಮಿತಿ ರಚನೆಯಾಯಿತು. ಕಲಾವಿದರಿಗೆ ಕೆಲಸ ಕೊಟ್ಟು, ಅವರ ಚಿತ್ರಗಳನ್ನು ಸರಕಾರಕ್ಕಾಗಿ ಕೊಂಡುಕೊಳ್ಳುವುದು ಸಮಿತಿಯ ಕೆಲಸ. 1940ರಲ್ಲಿ ಅದು ನ್ಯಾಶ್ ಅವರನ್ನು ವಾಯು ಸಚಿವಾಲಯಕ್ಕೆ ಸಂಬಳದ ಕಲಾವಿದರನ್ನಾಗಿ ನೇಮಿಸಿತು. ಆಗ ಅವರಿಗೆ ಐವತ್ತರ ಆಸುಪಾಸು. ಆಕ್ಸ್‌ಫರ್ಡ್‌ನಲ್ಲಿ ವಾಸ. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿದ್ದ ಮನುಷ್ಯನಿಗೆ ವಿಮಾನಗಳನ್ನು ಬರೆಯುವ ಕೆಲಸ!

ಹಾರಲಾಗದ್ದರಿಂದ ಅವರು ನೆಲಕ್ಕೆ ಬಿದ್ದ ವಿಮಾನಗಳ ಬಳಿಗೆ ಹೋದರು. ಗೋಧಿ ಹೊಲದಲ್ಲಿ ಮುರಿದು ಬಿದ್ದ ಬಾಂಬರ್, ವಿಂಡ್ಸರ್ ಅರಮನೆಯ ಉದ್ಯಾನದಲ್ಲಿ ಬಿದ್ದ ಜರ್ಮನ್ ಮೆಸರ್‌ಶ್ಮಿಟ್. ಇವೆಲ್ಲ ಅವರ ಜಲವರ್ಣಗಳಾದವು. ಬ್ರಿಟಿಷ್ ಬಾಂಬರುಗಳನ್ನು ಬರೆದಾಗ ಅವು ಯಂತ್ರಗಳಂತೆ ಕಾಣದೆ ಯಾವುದೋ ದೊಡ್ಡ ಪ್ರಾಣಿಗಳಂತೆ ಕಂಡವು. ವಾಯು ಸಚಿವಾಲಯದ ಅಧಿಕಾರಿಗಳಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಅವರಿಗೆ ಬೇಕಿದ್ದುದು ಧೀರ ಪೈಲಟ್‌ಗಳ ಮುಖಚಿತ್ರ, ಪ್ರತಿ ಭಾಗವೂ ಸರಿಯಾಗಿರುವ ವಿಮಾನದ ಚಿತ್ರ. ಎರಿಕ್ ಕೆನ್ನಿಂಗ್ಟನ್ ಎಂಬ ಕಲಾವಿದರು ಅಂಥ ಮುಖಚಿತ್ರಗಳನ್ನು ಚೆನ್ನಾಗಿ ಬರೆದುಕೊಡುತ್ತಿದ್ದರು. ನ್ಯಾಶ್ ಅವರ ಕೆಲಸವನ್ನು ಸಚಿವಾಲಯ 1940ರ ಡಿಸೆಂಬರಿಗೆ ನಿಲ್ಲಿಸಿತು.

ಕತೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಕ್ಲಾರ್ಕ್ ಬಿಡಲಿಲ್ಲ. ವಾಯುಯುದ್ಧದ ಚಿತ್ರಗಳನ್ನು ನ್ಯಾಶ್ ಅವರಿಂದ ಕೊಳ್ಳಲೆಂದೇ ಸಮಿತಿ 500 ಪೌಂಡ್ ತೆಗೆದಿರಿಸಿತು. ಒಳ್ಳೆಯ ಸಂಗ್ರಾಹಕ ಯಾರು ಎಂದರೆ ನಾನು ಈ ಉದಾಹರಣೆ ಕೊಡುತ್ತೇನೆ. ಎಲ್ಲರೂ ಮೆಚ್ಚಿದ್ದನ್ನು ಕೊಳ್ಳುವುದು ಸುಲಭ. ಕಚೇರಿಯೊಂದು ಬೇಡ ಎಂದು ತಳ್ಳಿದ ಕೈಯನ್ನು ನಂಬಿ ದುಡ್ಡು ಇಡುವುದಕ್ಕೆ ನೋಡುವ ಕಣ್ಣೂ ಬೇಕು, ಧೈರ್ಯವೂ ಬೇಕು.

ಆ ನಂಬಿಕೆಗೆ ಸಿಕ್ಕ ಫಲವೇ ಟೋಟೆಸ್ ಮೇರ್. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಸತ್ತ ಸಮುದ್ರ. ಆಕ್ಸ್‌ಫರ್ಡ್ ಹತ್ತಿರದ ಕೌಲಿಯಲ್ಲಿ ಉರುಳಿಬಿದ್ದ ವಿಮಾನಗಳನ್ನು ತಂದು ರಾಶಿ ಹಾಕುವ ಜಾಗವಿತ್ತು. ನಮ್ಮ ಮಾತಿನಲ್ಲಿ ವಿಮಾನಗಳ ಗುಜರಿ. ನ್ಯಾಶ್ ಅಲ್ಲಿಗೆ ಹೋಗಿ ಫೋಟೋ ತೆಗೆದರು, ರೇಖಾಚಿತ್ರ ಬರೆದರು. ಒಂದು ಮೀಟರ್ ಎತ್ತರ, ಒಂದೂವರೆ ಮೀಟರ್ ಅಗಲದ ಕ್ಯಾನ್ವಾಸಿನ ಮೇಲೆ ಆ ಗುಜರಿ ಕಡಲಾಯಿತು. ಬೆಳದಿಂಗಳಲ್ಲಿ ಮುರಿದ ರೆಕ್ಕೆಗಳು ಅಲೆಗಳಂತೆ ಎದ್ದು ದಡಕ್ಕೆ ಬಡಿಯುತ್ತಿವೆ. ಡಿಮ್‌ಚರ್ಚ್‌ನ ಅಲೆಗಳೇ ಇವು, ಆದರೆ ಚಲನೆಯಿಲ್ಲ. ರೆಕ್ಕೆಗಳ ಮೇಲೆ ಜರ್ಮನ್ ಶಿಲುಬೆ ಗುರುತು ಕಾಣುತ್ತದೆ. ಜೀವವಿರುವುದು ಒಂದೇ ಒಂದು ಹಕ್ಕಿಗೆ, ತಗ್ಗಿನಲ್ಲಿ ಹಾರಿಹೋಗುವ ಗೂಬೆ.

ಮೊದಲ ನೋಟಕ್ಕೆ ಇದು ಶತ್ರುವಿನ ಸೋಲಿನ ಚಿತ್ರ. ನ್ಯಾಶ್ ನಾಜಿಗಳನ್ನು ದ್ವೇಷಿಸುತ್ತಿದ್ದರು, ಅದರಲ್ಲಿ ಸಂಶಯವಿಲ್ಲ. ಆದರೂ ಚಿತ್ರದಲ್ಲಿ ಜಯಘೋಷ ಇಲ್ಲ. ನೋಡುತ್ತಾ ನಿಂತರೆ ಪ್ರತಿ ಮುರಿದ ರೆಕ್ಕೆಯ ಹಿಂದೆ ಒಬ್ಬ ಹುಡುಗ ಇದ್ದನಲ್ಲ ಎಂದು ಮನಸ್ಸು ಕೇಳುತ್ತದೆ. ನಮಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು.

1941ರಲ್ಲಿ ಅವರು ಬ್ರಿಟನ್ ಕದನ ಎಂಬ ದೊಡ್ಡ ಚಿತ್ರ ಮುಗಿಸಿದರು. ಹಿಂದಿನ ವರ್ಷ ಬೇಸಗೆಯಲ್ಲಿ ಇಂಗ್ಲೆಂಡಿನ ಮೇಲೆ ವಾರಗಟ್ಟಲೆ ನಡೆದ ಕಾಳಗವನ್ನು ಒಂದೇ ಆಕಾಶಕ್ಕೆ ತಂದರು. ಕೆಳಗೆ ಕಡಲಿಗೆ ಸೇರುವ ಬಳುಕು ನದಿ, ಮೇಲೆ ಸಾಲುಗಟ್ಟಿ ಬರುವ ಜರ್ಮನ್ ವಿಮಾನಗಳು. ಅವುಗಳನ್ನು ಎದುರಿಸಲು ನುಗ್ಗಿದ ವಿಮಾನಗಳು ಬಿಟ್ಟ ಬಿಳಿ ಗೆರೆಗಳು ದೊಡ್ಡ ಹೂವಿನಂತೆ ಅರಳಿವೆ. ವಿಮಾನಗಳು ಚುಕ್ಕೆಗಳಷ್ಟೇ. ಯಾವ ಮಾದರಿ ಎಂದು ಹೇಳಲೂ ಆಗದು. ಈ ನೋಟ ಯಾವ ಪೈಲಟ್‌ಗೂ ಒಮ್ಮೆಲೇ ಕಂಡಿರಲಾರದು. ನೆಲದಲ್ಲಿ ಕುಳಿತವನ ಕಲ್ಪನೆಯಲ್ಲಿ ಮಾತ್ರ ಅದು ಕಾಣಲು ಸಾಧ್ಯ.

ಹಾಗೆಂದು ಹಾರಿದ ಕಲಾವಿದರು ಇರಲಿಲ್ಲವೆಂದಲ್ಲ. ಸಿಡ್ನಿ ಕಾರ್ಲೈನ್ ಮತ್ತು ರಿಚರ್ಡ್ ಕಾರ್ಲೈನ್ ಎಂಬ ಸೋದರರು ಮೊದಲ ಯುದ್ಧದ ಹೊತ್ತಿಗೇ ವಿಮಾನದಿಂದ ಕಂಡಿದ್ದನ್ನು ಬರೆದಿದ್ದರು. ರಿಚರ್ಡ್ 1919ರಲ್ಲಿ ಬರೆದ, ವಿಮಾನದಿಂದ ಕಂಡ ಜೆರುಸಲೇಮ್ ಮತ್ತು ಮೃತ ಸಮುದ್ರದ ಚಿತ್ರ ಇಂದಿಗೂ ಲಂಡನ್ನಿನಲ್ಲಿದೆ. ನ್ಯಾಶ್ ಅವರ ಬಳಿಯೇ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತ ಎರಿಕ್ ರವಿಲಿಯಸ್ ಕೂಡ ಯುದ್ಧ ಕಲಾವಿದರಾಗಿ ವಿಮಾನಗಳಲ್ಲಿ ಹಾರಿದರು. 1942ರ ಸೆಪ್ಟೆಂಬರಿನಲ್ಲಿ ಐಸ್‌ಲ್ಯಾಂಡಿನಿಂದ, ಕಾಣೆಯಾದ ವಿಮಾನವೊಂದನ್ನು ಹುಡುಕಲು ಹೊರಟ ವಿಮಾನದಲ್ಲಿ ಹೋದವರು ಹಿಂದಿರುಗಲಿಲ್ಲ. ಶಿಷ್ಯನಿಗೆ ಮೂವತ್ತೊಂಬತ್ತು ವರ್ಷ. ಹಾರಲಾಗದ ಗುರು ಉಳಿದರು.

1944ರಲ್ಲಿ ನ್ಯಾಶ್ ಜರ್ಮನಿ ಕದನ ಎಂಬ ಚಿತ್ರ ಬರೆದರು. ಈಗ ಬಾಂಬು ಹಾಕುತ್ತಿರುವವರು ಅವರದೇ ದೇಶದವರು. ಚಂದ್ರನ ಬೆಳಕಿನ ಕೆಳಗೆ ಒಂದು ನಗರ, ಕೆಂಪು, ಹೊಗೆ, ಆಕಾಶದಿಂದ ಇಳಿಯುವ ಬಿಳಿ ಬಿಲ್ಲೆಗಳು. ಎಲ್ಲ ಆಕಾರಗಳೂ ಒಡೆದು ಹೋಗಿವೆ, ಯಾವುದು ಏನೆಂದು ಸುಲಭಕ್ಕೆ ತಿಳಿಯುವುದಿಲ್ಲ. ಅನೇಕರಿಗೆ ಅರ್ಥವೇ ಆಗಲಿಲ್ಲ. ನನಗನಿಸುವುದು ಇಷ್ಟು: ಬಾಂಬು ಬಿದ್ದ ಮೇಲೆ ಊರು ಅರ್ಥವಾಗುವ ಹಾಗೆ ಉಳಿಯುವುದಿಲ್ಲ. ನಮ್ಮವರು ಹಾಕಿದರೂ ಅಷ್ಟೇ, ಅವರವರು ಹಾಕಿದರೂ ಅಷ್ಟೇ. ನ್ಯಾಶ್ ಎರಡಕ್ಕೂ ಒಂದೇ ಚಂದ್ರನನ್ನು ಇಟ್ಟರು.

ಕೊನೆಯ ವರ್ಷ ಉಸಿರಿಗಾಗಿ ಒದ್ದಾಡುತ್ತಲೇ ಸೂರ್ಯಕಾಂತಿ ಹೂಗಳನ್ನು ಆಕಾಶದಲ್ಲಿ ತೇಲಿಸಿ ಬರೆದರು. ಹಾರುವ ಕನಸಿನ ಬಗ್ಗೆ ಒಂದು ಪ್ರಬಂಧವನ್ನೂ ಬರೆದರು. 1946ರ ಜುಲೈ 11ರಂದು ಬಾಸ್ಕೂಂಬ್ ಎಂಬ ಕಡಲ ತೀರದ ಊರಿನಲ್ಲಿ ನಿದ್ದೆಯಲ್ಲೇ ಪ್ರಾಣ ಹೋಯಿತು. ಐವತ್ತೇಳು ವರ್ಷ. ಸಮಿತಿ ಯುದ್ಧಕಾಲದಲ್ಲಿ ಕೂಡಿಸಿದ ಐದು ಸಾವಿರಕ್ಕೂ ಹೆಚ್ಚು ಕಲಾಕೃತಿಗಳು ಸಂಗ್ರಹಾಲಯಗಳಿಗೆ ಹಂಚಿಕೆಯಾದವು. ಟೋಟೆಸ್ ಮೇರ್ ಅದೇ 1946ರಲ್ಲಿ ಟೇಟ್ ಗ್ಯಾಲರಿಗೆ ಸೇರಿತು. ಬ್ರಿಟನ್ ಕದನ, ಜರ್ಮನಿ ಕದನ ಎರಡೂ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿವೆ. ಸಚಿವಾಲಯಕ್ಕೆ ಬೇಡವಾದವರ ಚಿತ್ರಗಳನ್ನು ಇಂದು ಪ್ರಪಂಚದ ಜನ ಹುಡುಕಿಕೊಂಡು ಹೋಗಿ ನೋಡುತ್ತಾರೆ.

ಗೆಳೆಯರೇ, ಚಿತ್ರ ಕೂಡಿಸಲು ದುಡ್ಡು ಬೇಕಾಗಿಲ್ಲ. ಒಂದು ಫೈಲು, ಒಳ್ಳೆಯ ನಾಲ್ಕು ಪ್ರಿಂಟು ಸಾಕು. ಆದರೆ ಪ್ರತಿ ಚಿತ್ರದ ಹಿಂದೆ ನಾಲ್ಕು ವಿಷಯ ಬರೆದಿಡಿ: ಬರೆದವರ ಹೆಸರು, ವರ್ಷ, ಮೂಲಚಿತ್ರದ ಅಳತೆ, ಅದು ಈಗ ಇರುವ ಜಾಗ. ಇವಿಲ್ಲದಿದ್ದರೆ ಅದು ಬರಿ ಕಾಗದದ ಕಟ್ಟು. ನೋಡುವಾಗ ವಿಮಾನದ ಹೆಸರು ಪತ್ತೆಯಾದ ಕೂಡಲೇ ಪುಟ ಮಗುಚಬೇಡಿ. ಆಕಾಶ ಯಾವ ಹೊತ್ತಿನದು, ಬೆಳಕು ಎಲ್ಲಿಂದ ಬಂದಿದೆ, ಬರೆದವನು ಎಲ್ಲಿ ನಿಂತಿದ್ದಾನೆ, ಕೆಳಗೆ ನೆಲದಲ್ಲಿ ಯಾರಿದ್ದಾರೆ ಎಂದು ಕೇಳಿಕೊಳ್ಳಿ. ಟೋಟೆಸ್ ಮೇರ್ ಸಿಕ್ಕರೆ ಅದರ ಎದುರು ಪುಟದಲ್ಲಿ ಜರ್ಮನಿ ಕದನವನ್ನೂ ಇಡಿ. ಒಂದನ್ನು ನೋಡಿದ ಮೇಲೆ ಇನ್ನೊಂದನ್ನೂ ಅಷ್ಟೇ ಹೊತ್ತು ನೋಡಿ.